ಆರು ತಿಂಗಳು ಕಾದ ತೀರ್ಪು: ‘ರಾಮಧಾನ್ಯಚರಿತೆ’ಯಲ್ಲಿ ಮೌಲ್ಯಮಾಪನದ ಪಾಠ

ಎಂಟನೆಯ ತರಗತಿಯ ವಿಜ್ಞಾನದಲ್ಲಿ ‘ಬೆಳೆ ಉತ್ಪಾದನೆ ಮತ್ತು ನಿರ್ವಹಣೆ’ ಎಂಬ ಪಾಠವಿದೆ. ಭೂಮಿ ಹದಗೊಳಿಸುವುದರಿಂದ ಹಿಡಿದು ಧಾನ್ಯ ಸಂಗ್ರಹಣೆಯವರೆಗಿನ ಹಂತಗಳು ಅದರಲ್ಲಿ ಬರುತ್ತವೆ. ಬೋಧನಾಭ್ಯಾಸದ ಅವಧಿಯಲ್ಲಿ ಈ ಪಾಠ ನನ್ನ ಪಾಲಿಗೆ ಬಂದಾಗ, ಸಂಗ್ರಹಣೆಯ ಭಾಗಕ್ಕೆ ಪೂರಕ ಓದಾಗಿ ಕನಕದಾಸರ ‘ರಾಮಧಾನ್ಯಚರಿತೆ’ಯ ಕಥೆಯನ್ನು ಆರಿಸಿಕೊಂಡೆ. ಭತ್ತಕ್ಕೂ ರಾಗಿಗೂ ನಡೆಯುವ ಜಗಳದ ಈ ಪುಟ್ಟ ಕಾವ್ಯ ಭಾಮಿನಿ ಷಟ್ಪದಿಯಲ್ಲಿದೆ. ಇದನ್ನು ಸಾಮಾನ್ಯವಾಗಿ ಭಾಷಾ ತರಗತಿಯಲ್ಲಿ ಮೇಲು–ಕೀಳಿನ ಪ್ರಶ್ನೆಯನ್ನು ಎತ್ತಿದ ಕಾವ್ಯವೆಂದು ಬೋಧಿಸುತ್ತೇವೆ. ಅದು ಸರಿಯಾದ ಓದೇ. ಆದರೆ ವಿಜ್ಞಾನದ ಪ್ರಶಿಕ್ಷಣಾರ್ಥಿಯಾಗಿ ಓದಿದಾಗ ಅದರಲ್ಲಿ ನನಗೆ ಇನ್ನೊಂದು ಸಂಗತಿ ಕಂಡಿತು. ಕಾವ್ಯದ ನಡುವೆ ಒಂದು ಪರೀಕ್ಷೆಯಿದೆ. ಅದಕ್ಕೆ ನಿಯಮವಿದೆ, ಅವಧಿಯಿದೆ, ಫಲಿತಾಂಶವಿದೆ.

ಪ್ರತಿದಿನ ಮಕ್ಕಳ ಮೇಲೆ ಸಣ್ಣ ಸಣ್ಣ ತೀರ್ಪುಗಳನ್ನು ಕೊಡುವ ವೃತ್ತಿಗೆ ನಾವು ಬರುತ್ತಿದ್ದೇವೆ. ನ್ಯಾಯ, ಒಣಜಂಭ, ಅಧಿಕಾರ ಮತ್ತು ಮನುಷ್ಯ ಸ್ವಭಾವದ ಬಗ್ಗೆ ಈ ಕಾವ್ಯ ಏನು ಹೇಳುತ್ತದೆ, ಅದು ನಮ್ಮ ಮೌಲ್ಯಮಾಪನಕ್ಕೆ ಹೇಗೆ ಸಂಬಂಧಿಸುತ್ತದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಕಥೆಯ ಸಾರ

ರಾವಣನನ್ನು ಗೆದ್ದು ಅಯೋಧ್ಯೆಗೆ ಮರಳುವ ರಾಮ ದಾರಿಯಲ್ಲಿ ಒಂದು ಋಷ್ಯಾಶ್ರಮದಲ್ಲಿ ತಂಗುತ್ತಾನೆ. ಅಲ್ಲಿ ಧಾನ್ಯಗಳ ಮಾತು ಬರುತ್ತದೆ; ಯಾವ ಧಾನ್ಯ ಶ್ರೇಷ್ಠ ಎಂಬ ಪ್ರಶ್ನೆ ಏಳುತ್ತದೆ. ನೆರೆದವರಲ್ಲಿ ಒಮ್ಮತವಿಲ್ಲ. ಗೌತಮ ಮುನಿ ನರೆದಲೆಗನೇ ಶ್ರೇಷ್ಠ ಎನ್ನುತ್ತಾನೆ. ನರೆದಲೆಗ ಎಂದರೆ ರಾಗಿ. ನರೆತ ತಲೆಯಂತೆ ಕಾಣುವ ತೆನೆಯಿಂದ ಬಂದ ಹೆಸರು. ಇದನ್ನು ಕೇಳಿ ವ್ರೀಹಿ, ಅಂದರೆ ಭತ್ತ, ಸಿಡಿದೇಳುತ್ತದೆ. ತಾನು ಯಜ್ಞಕ್ಕೆ, ಮದುವೆಯ ಅಕ್ಷತೆಗೆ, ಅರಸರ ಊಟಕ್ಕೆ, ದೇವರ ನೈವೇದ್ಯಕ್ಕೆ ಬೇಕಾದವನು. ಕೀಳು ಜನರ ಆಹಾರವಾದ ನಿನಗೆ ನನ್ನೊಡನೆ ಏನು ಸಮ ಎಂದು ರಾಗಿಯನ್ನು ಹಳಿಯುತ್ತದೆ. ರಾಗಿಯೂ ಸುಮ್ಮನಿರುವುದಿಲ್ಲ. ಬಡವರನ್ನು ಕಣ್ಣೆತ್ತಿಯೂ ನೋಡದೆ ಹಣವಂತರ ಬೆನ್ನು ಹತ್ತುವವನು ನೀನು, ಮಳೆ ಹೋಗಿ ಬರ ಬಂದಾಗ ಜನರನ್ನು ಉಳಿಸುವವನು ನಾನು ಎಂದು ತಿರುಗಿ ಕೇಳುತ್ತದೆ.

ಮಾತಿಗೆ ಮಾತು ಬೆಳೆದಾಗ ರಾಮ ಯಾರ ಪರವಾಗಿಯೂ ಹೇಳುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಲು ಆಜ್ಞಾಪಿಸುತ್ತಾನೆ. ತೀರ್ಮಾನ ಅಯೋಧ್ಯೆಯಲ್ಲಿ ಎನ್ನುತ್ತಾನೆ. ಅವಧಿ ಮುಗಿದ ಮೇಲೆ ದೇವತೆಗಳೂ ಋಷಿಗಳೂ ಸೇರಿದ ಸಭೆಗೆ ಎರಡನ್ನೂ ತರಿಸುತ್ತಾರೆ. ಭತ್ತ ಕಳೆಗುಂದಿದೆ, ರಾಗಿ ಸತ್ವ ಕಳೆದುಕೊಳ್ಳದೆ ಗಟ್ಟಿಯಾಗಿ ನಿಂತಿದೆ. ರಾಗಿ ಗೆಲ್ಲುತ್ತದೆ. ರಾಮ ತನ್ನದೇ ಹೆಸರನ್ನು ಅದಕ್ಕೆ ಕೊಡುತ್ತಾನೆ. ರಾಘವ ಎಂಬ ಹೆಸರಿನಿಂದ ರಾಗಿಯಾಯಿತು ಎಂಬುದು ಕವಿಯ ಕಲ್ಪನೆ. ಸೋತು ದುಃಖಪಟ್ಟ ಭತ್ತಕ್ಕೂ ಸಮಾಧಾನದ ಮಾತು ಸಿಗುತ್ತದೆ.

ಕಾವ್ಯದ ಕಾಲ ಮತ್ತು ನಮ್ಮ ನೆಲ

ಕನಕದಾಸರು 16ನೇ ಶತಮಾನದವರು. ಈಗಿನ ಹಾವೇರಿ ಜಿಲ್ಲೆಯ ಬಾಡ ಅವರ ಊರು, ಕಾಗಿನೆಲೆ ಅವರ ದೈವದ ನೆಲೆ. ಕುರುಬ ಸಮುದಾಯದಲ್ಲಿ ಹುಟ್ಟಿದ ಅವರು ವಿಜಯನಗರದ ರಾಜಗುರುಗಳಾಗಿದ್ದ ವ್ಯಾಸರಾಯರ ಶಿಷ್ಯರಾದರು. ವ್ಯಾಸರಾಯರ ವೃಂದಾವನ ಇರುವುದು ಆನೆಗುಂದಿಯ ನವವೃಂದಾವನದಲ್ಲಿ; ಇನ್ನೊಬ್ಬ ಶಿಷ್ಯ ಪುರಂದರದಾಸರ ಹೆಸರಿನ ಮಂಟಪ ಹಂಪಿಯ ವಿಠ್ಠಲ ದೇವಾಲಯದ ಸಮೀಪ ತುಂಗಭದ್ರೆಯ ದಡದಲ್ಲಿದೆ. ಕನಕದಾಸರ ‘ಮೋಹನತರಂಗಿಣಿ’ಯಲ್ಲಿ ಬರುವ ದ್ವಾರಕೆಯ ವರ್ಣನೆಯಲ್ಲಿ ವಿಜಯನಗರದ ಪೇಟೆ–ಬೀದಿಗಳ ನೆರಳನ್ನು ವಿದ್ವಾಂಸರು ಗುರುತಿಸಿದ್ದಾರೆ. ಆದ್ದರಿಂದ ಹೊಸಪೇಟೆಯ ಮಕ್ಕಳಿಗೆ ಈ ಕವಿ ದೂರದವರಲ್ಲ.

ಧಾನ್ಯಗಳ ಜಗಳವೂ ಈ ನೆಲಕ್ಕೆ ದೂರದ್ದಲ್ಲ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿನ ಪೇಟೆಯಲ್ಲಿದ್ದ ಅಕ್ಕಿ, ಗೋಧಿ, ಜೋಳ, ಹೆಸರು, ಹುರುಳಿ ಮೊದಲಾದವನ್ನು ಪಟ್ಟಿ ಮಾಡಿದ್ದಾನೆ. ಈ ನಾಡಿನ ಸಾಮಾನ್ಯ ಜನರ ಆಹಾರವಾದ ಕಾಳುಗಳನ್ನು ಬೇರೆಯಾಗಿ ಗುರುತಿಸಿದ್ದಾನೆ. ವಿಜಯನಗರದ ಅರಸರು ತುಂಗಭದ್ರೆಗೆ ಅಣೆ ಕಟ್ಟಿಸಿ ತೆಗೆಸಿದ ಕಾಲುವೆಗಳು ಇಂದೂ ಹರಿಯುತ್ತಿವೆ. ಹೊಸಪೇಟೆಯ ರಾಯ ಮತ್ತು ಬಸವಣ್ಣ ಕಾಲುವೆ, ಹಂಪಿಯ ತುರ್ತು ಕಾಲುವೆ, ಕಂಪ್ಲಿಯ ಬಯಲಿನ ಕಾಲುವೆಗಳು ಭತ್ತ, ಬಾಳೆ, ಕಬ್ಬನ್ನು ಬೆಳೆಸಿವೆ. 1953ರಲ್ಲಿ ತುಂಗಭದ್ರಾ ಜಲಾಶಯ ಬಂದ ಮೇಲೆ ಭತ್ತದ ಸೀಮೆ ಇನ್ನೂ ಹಿಗ್ಗಿತು. ಆದರೆ ಸಂಡೂರಿನ ಗುಡ್ಡಗಳ ಮಗ್ಗುಲಿಗೆ ಹೋದರೆ ಮಳೆಯನ್ನೇ ನಂಬಿದ ಹೊಲಗಳು. ಅಲ್ಲಿ ಜೋಳ, ಸಜ್ಜೆ, ಮೆಕ್ಕೆಜೋಳ. ಕನಕದಾಸರ ರಾಗಿಯ ಜಾಗದಲ್ಲಿ ನಮ್ಮ ಮಕ್ಕಳು ಜೋಳವನ್ನು ಇಟ್ಟುಕೊಂಡರೆ ಕಥೆ ಅವರ ಮನೆಯದೇ ಆಗುತ್ತದೆ. ಕಾಲುವೆಯ ಕೆಳಗೆ ಗದ್ದೆ ಇರುವವರು, ಮಳೆ ನೋಡಿ ಬಿತ್ತುವವರು ಎಂಬ ಎರಡು ಬಗೆಯ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಶಾಲೆಗಳು ಈ ಭಾಗದಲ್ಲಿವೆ.

ಇದೇ ಶತಮಾನವನ್ನು ಯುರೋಪಿನ ಚರಿತ್ರೆಯಲ್ಲಿ ಪುನರುಜ್ಜೀವನ ಕಾಲವೆಂದು ಓದುತ್ತೇವೆ. ಮ್ಯಾಕಿಯವೆಲ್ಲಿ ಅಧಿಕಾರದ ಬಗ್ಗೆ ‘ದಿ ಪ್ರಿನ್ಸ್’ ಬರೆದದ್ದು 1513ರಲ್ಲಿ, ಥಾಮಸ್ ಮೋರ್‌ನ ‘ಯುಟೋಪಿಯಾ’ ಪ್ರಕಟವಾದದ್ದು 1516ರಲ್ಲಿ. ಫ್ರಾನ್ಸಿನ ಮಾಂಟೇನ್ (1533–1592) ಬೋರ್ಡೊ ನಗರದ ನ್ಯಾಯಾಲಯದಲ್ಲಿ ಹಲವು ವರ್ಷ ಕೆಲಸ ಮಾಡಿ, ಅದನ್ನು ಬಿಟ್ಟು ಮನೆಯಲ್ಲಿ ಕೂತು ಪ್ರಬಂಧಗಳನ್ನು ಬರೆದ. ಒಣಜಂಭದ ಬಗ್ಗೆಯೇ ಅವನದೊಂದು ದೀರ್ಘ ಪ್ರಬಂಧವಿದೆ. ತಕ್ಕಡಿಯ ಚಿತ್ರದ ಜೊತೆಗೆ ‘ನನಗೇನು ಗೊತ್ತು?’ ಎಂಬ ಪ್ರಶ್ನೆಯನ್ನು ಅವನು ತನ್ನ ಗುರುತಾಗಿ ಇಟ್ಟುಕೊಂಡಿದ್ದ. ಮಾಂಟೇನ್‌ಗೂ ಕನಕದಾಸರಿಗೂ ಪರಸ್ಪರ ಗೊತ್ತಿರುವ ಸಾಧ್ಯತೆಯೇ ಇಲ್ಲ. ಆದರೆ ಒಂದೇ ಕಾಲದಲ್ಲಿ, ಭೂಮಿಯ ಎರಡು ಕಡೆ, ತೂಗುವುದು ಎಂದರೇನು ಎಂದು ಇಬ್ಬರೂ ಯೋಚಿಸಿದರು. ಒಬ್ಬ ತಕ್ಕಡಿಯನ್ನು ಗುರುತು ಮಾಡಿಕೊಂಡ, ಇನ್ನೊಬ್ಬರು ಎರಡು ಕಾಳುಗಳನ್ನು ಸೆರೆಮನೆಗೆ ಕಳಿಸಿದರು.

ಒಣಜಂಭ: ಯಾರ ಬಾಯಿಗೆ ಹೋಗುತ್ತೇನೆ?

ಭತ್ತದ ವಾದವನ್ನು ಗಮನಿಸಿ. ಅದು ತನ್ನ ಗುಣವನ್ನು ಹೇಳುವುದೇ ಕಡಿಮೆ. ತಾನು ಯಾರ ಜೊತೆಗಿದ್ದೇನೆ ಎಂಬುದನ್ನೇ ಹೇಳುತ್ತದೆ. ಅರಸರು, ಪೂಜೆ, ಯಜ್ಞ, ಹಬ್ಬ ಇವು ಅದರ ಸಾಕ್ಷಿಗಳು. ದೊಡ್ಡವರ ತಟ್ಟೆಯಲ್ಲಿರುವುದೇ ದೊಡ್ಡತನ ಎಂಬ ತರ್ಕ ಇದು. ತರಗತಿಯಲ್ಲಿ ಈ ತರ್ಕ ದಿನವೂ ಕೇಳುತ್ತದೆ: ನಮ್ಮಪ್ಪನಿಗೆ ಇಷ್ಟು ಎಕರೆ, ನಮ್ಮಣ್ಣ ಬೆಂಗಳೂರಿನಲ್ಲಿದ್ದಾನೆ, ನಾನು ಹಿಂದೆ ಓದಿದ್ದು ಇಂಗ್ಲಿಷ್ ಮಾಧ್ಯಮ.

ರಾಗಿಯ ವಾದ ಬೇರೆ. ತಾನು ಯಾರಿಗೆ ಒದಗುತ್ತೇನೆ, ಯಾವಾಗ ಒದಗುತ್ತೇನೆ ಎಂದು ಅದು ಹೇಳುತ್ತದೆ. ಆದರೆ ಕವಿ ರಾಗಿಯನ್ನೂ ಪೂರ್ತಿ ಸಾಧುವಾಗಿ ಚಿತ್ರಿಸಿಲ್ಲ. ನೀನು ರೋಗಿಗಳಿಗೆ, ಬಾಣಂತಿಯರಿಗೆ ಪಥ್ಯ, ಸತ್ತವರ ಬಾಯಿಗೆ ಹಾಕುವ ತುತ್ತು ಎಂದು ರಾಗಿ ಭತ್ತವನ್ನು ಹಂಗಿಸುತ್ತದೆ. ಸ್ವಲ್ಪ ತಾಳಿ ಯೋಚಿಸಿದರೆ, ರೋಗಿಗೂ ಬಾಣಂತಿಗೂ ಪಥ್ಯವಾಗುವುದು ದೋಷವೇ? ಗಂಜಿ ಸುಲಭವಾಗಿ ಜೀರ್ಣವಾಗುತ್ತದೆ ಎಂಬುದು ಅಕ್ಕಿಯ ಒಳ್ಳೆಯ ಗುಣ. ಜಗಳದ ಬಿಸಿಯಲ್ಲಿ ಎದುರಾಳಿಯ ಗುಣವೂ ಬೈಗುಳವಾಗುತ್ತದೆ. ಗೆಲ್ಲುವವನ ಬಾಯಲ್ಲೂ ಈ ವಿಷ ಇಟ್ಟದ್ದು ಕನಕದಾಸರು ಮನುಷ್ಯ ಸ್ವಭಾವವನ್ನು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರು ಎಂಬುದನ್ನು ತೋರಿಸುತ್ತದೆ. ಮಕ್ಕಳಿಗೆ ಈ ಭಾಗವನ್ನು ಹೇಳುವಾಗ ‘ರಾಗಿ ಒಳ್ಳೆಯದು, ಭತ್ತ ಕೆಟ್ಟದ್ದು’ ಎಂದು ಮುಗಿಸಿದರೆ ಕಾವ್ಯದ ಅರ್ಧ ಕಳೆದುಹೋಗುತ್ತದೆ.

ವಿಠ್ಠಲ ದೇವಾಲಯದ ಹತ್ತಿರ ಅರಸನ ತುಲಾಭಾರ ಎಂದು ಕರೆಯುವ ಕಲ್ಲಿನ ರಚನೆ ಇದೆ. ಎರಡು ಎತ್ತರದ ಕಂಬಗಳು, ಮೇಲೊಂದು ಅಡ್ಡ ತೊಲೆ, ತೊಲೆಯಲ್ಲಿ ತಕ್ಕಡಿ ಕಟ್ಟಲು ಕೊಂಡಿಗಳು. ವಿಶೇಷ ದಿನಗಳಲ್ಲಿ ಅರಸ ಇಲ್ಲಿ ಚಿನ್ನ–ರತ್ನಗಳಿಗೆ ಸಮನಾಗಿ ತೂಗಿಸಿಕೊಂಡು ಅದನ್ನು ದಾನ ಮಾಡುತ್ತಿದ್ದನೆಂದು ಹೇಳುತ್ತಾರೆ. ಕ್ಷೇತ್ರಭೇಟಿಗೆ ಮಕ್ಕಳನ್ನು ಕರೆದೊಯ್ಯುವವರು ಇಲ್ಲಿ ಒಂದು ಪ್ರಶ್ನೆ ಕೇಳಬಹುದು: ಈ ತಕ್ಕಡಿಯಿಂದ ಅರಸನ ಬಗ್ಗೆ ಏನು ಗೊತ್ತಾಗುತ್ತದೆ? ಅವನ ತೂಕ ಗೊತ್ತಾಗುತ್ತದೆ, ಖಜಾನೆಯ ಶಕ್ತಿ ಗೊತ್ತಾಗುತ್ತದೆ. ಅವನು ಒಳ್ಳೆಯ ಅರಸನೋ ಅಲ್ಲವೋ ಎಂಬುದು ಗೊತ್ತಾಗುವುದಿಲ್ಲ. ಪ್ರತಿ ಅಳತೆಗೋಲು ಒಂದನ್ನು ಅಳೆಯುತ್ತದೆ, ಉಳಿದದ್ದರ ಬಗ್ಗೆ ಮೌನವಾಗಿರುತ್ತದೆ. ಈ ಮಾತು ಮುಂದೆ ಬೇಕಾಗುತ್ತದೆ.

ಅಧಿಕಾರ: ಅವಸರದ ಅರಸ, ಕಾಯುವ ಅರಸ

ಕಂಪ್ಲಿಯ ಮಕ್ಕಳಿಗೆ ಕುಮಾರರಾಮನ ಕಥೆ ಹೇಳಿಕೊಡಬೇಕಾಗಿಲ್ಲ. ಕಂಪಿಲರಾಯನ ಮಗ ರಾಮನಾಥ. ಚೆಂಡಾಟದಲ್ಲಿ ಚೆಂಡು ಚಿಕ್ಕತಾಯಿ ರತ್ನಾಜಿಯ ಅರಮನೆಗೆ ಬಿದ್ದು, ಅದನ್ನು ತರಲು ಹೋದ ಅವನನ್ನು ಅವಳು ಮೋಹಿಸಿ, ಅವನು ಒಪ್ಪದಿದ್ದಾಗ ಅವನ ಮೇಲೆಯೇ ಅಪವಾದ ಹೊರಿಸುತ್ತಾಳೆ. ಕಂಪಿಲ ಮಗನನ್ನು ಕರೆದು ಒಂದು ಮಾತೂ ಕೇಳದೆ ತಲೆ ತೆಗೆಯಲು ಆಜ್ಞೆ ಕೊಡುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ಗುಟ್ಟಾಗಿ ಬಚ್ಚಿಟ್ಟು ಬೇರೆ ತಲೆಯನ್ನು ತೋರಿಸುತ್ತಾನೆ. ಮುಂದೆ ದೆಹಲಿಯ ಸೈನ್ಯ ಬಂದಾಗ, ಸತ್ತನೆಂದುಕೊಂಡಿದ್ದ ಮಗನೇ ಹೊರಬಂದು ಯುದ್ಧ ಮಾಡುತ್ತಾನೆ. ಇತಿಹಾಸದಲ್ಲಿ ಕಂಪಿಲಿ ರಾಜ್ಯ 1327ರಲ್ಲಿ ಮುಹಮ್ಮದ್ ಬಿನ್ ತುಘಲಕ್‌ನ ಸೈನ್ಯಕ್ಕೆ ಬಿತ್ತು. ಕುಮಾರರಾಮನ ಕಥೆಯನ್ನು ನಂಜುಂಡ ಕವಿ ಕಾವ್ಯ ಮಾಡಿದ್ದು ಕನಕದಾಸರ ಶತಮಾನದಲ್ಲೇ.

ಈ ಎರಡು ಕಥೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಅಧಿಕಾರದ ಎರಡು ಮುಖಗಳು ಸ್ಪಷ್ಟವಾಗುತ್ತವೆ. ಕಂಪಿಲನಿಗೂ ಅಧಿಕಾರವಿತ್ತು, ರಾಮನಿಗೂ ಅಧಿಕಾರವಿತ್ತು. ಕಂಪಿಲ ಒಬ್ಬರ ಮಾತನ್ನು ಕೇಳಿ, ಅದೇ ಗಳಿಗೆಯಲ್ಲಿ ಹಿಂತೆಗೆಯಲಾಗದ ಶಿಕ್ಷೆ ಕೊಟ್ಟ. ರಾಮ ಇಬ್ಬರ ಮಾತನ್ನೂ ಪೂರ್ತಿ ಕೇಳಿ, ತೀರ್ಪನ್ನು ಮುಂದಕ್ಕೆ ಹಾಕಿದ. ಅವನ ಮುಂದೆ ಗೌತಮರ ಅಭಿಪ್ರಾಯವಿತ್ತು. ದೊಡ್ಡವರು ಹೇಳಿದ್ದಾರೆ ಎಂದು ಅಲ್ಲೇ ಮುಗಿಸಬಹುದಿತ್ತು. ಮುಗಿಸಲಿಲ್ಲ. ಕೊನೆಗೆ ಬಂದ ತೀರ್ಪು ಗೌತಮರ ಅಭಿಪ್ರಾಯವೇ ಆದರೂ, ಅದು ಈಗ ಒಬ್ಬರ ಮಾತಾಗಿ ಉಳಿಯದೆ ಸಭೆಯ ಕಣ್ಣೆದುರಿನ ಸಾಕ್ಷ್ಯವಾಯಿತು.

ಮಾಂಟೇನ್ ತನ್ನ ಕೊನೆಯ ಪ್ರಬಂಧದಲ್ಲಿ ತನ್ನ ಕಾಲದ ಒಂದು ಮೊಕದ್ದಮೆಯನ್ನು ಹೇಳುತ್ತಾನೆ. ಕೊಲೆಯ ಆರೋಪದ ಮೇಲೆ ಕೆಲವರಿಗೆ ಮರಣದಂಡನೆ ತೀರ್ಮಾನವಾಗಿತ್ತು. ಅಷ್ಟರಲ್ಲಿ ಹತ್ತಿರದ ಇನ್ನೊಂದು ನ್ಯಾಯಾಲಯದಲ್ಲಿ ಬೇರೆಯವರು ಆ ಕೊಲೆಯನ್ನು ತಾವೇ ಮಾಡಿದ್ದೆಂದು ಒಪ್ಪಿಕೊಂಡರು. ಆದರೂ ತೀರ್ಪು ಕ್ರಮಬದ್ಧವಾಗಿ ಬಂದಿದೆ, ಬದಲಿಸಿದರೆ ಪದ್ಧತಿ ಕೆಡುತ್ತದೆ ಎಂದು ನ್ಯಾಯಾಧೀಶರು ನಿರಪರಾಧಿಗಳನ್ನು ಉಳಿಸಲಿಲ್ಲ. ಕಂಪಿಲನ ದೋಷ ಅವಸರ. ಈ ನ್ಯಾಯಾಧೀಶರ ದೋಷ ಕೊಟ್ಟ ಮಾತಿನ ಜಂಭ. ಅಂಕಪಟ್ಟಿಯಲ್ಲಿ ಒಮ್ಮೆ ಬರೆದದ್ದನ್ನು ತಿದ್ದಲು ಮನಸ್ಸು ಹಿಂಜರಿಯುವುದು ಇದೇ ಜಂಭದ ಸಣ್ಣ ರೂಪ. ಅಧಿಕಾರ ದೊಡ್ಡದಿರಲಿ ಚಿಕ್ಕದಿರಲಿ, ಅದರ ಸ್ವಭಾವ ಒಂದೇ.

ನ್ಯಾಯ: ಪರೀಕ್ಷೆ ಯಾವುದನ್ನು ಅಳೆಯಿತು?

ಈಗ ವಿಜ್ಞಾನದ ಪ್ರಶ್ನೆಗೆ ಬರೋಣ. ರಾಮ ಇಟ್ಟ ಪರೀಕ್ಷೆ ಒಳ್ಳೆಯ ಪರೀಕ್ಷೆಯೇ?

ಹೌದು ಎನ್ನಲು ಕಾರಣಗಳಿವೆ. ಎರಡೂ ಧಾನ್ಯಗಳಿಗೆ ಒಂದೇ ಸ್ಥಿತಿ, ಒಂದೇ ಅವಧಿ. ಫಲಿತಾಂಶ ಬರುವ ಮೊದಲೇ ನಿಯಮ ಪ್ರಕಟವಾಗಿದೆ. ಫಲಿತಾಂಶವನ್ನು ಎಲ್ಲರ ಮುಂದೆ ನೋಡಲಾಗಿದೆ. ಫಲಿತಾಂಶ ನಮಗೆ ಗೊತ್ತಿರುವ ಸಂಗತಿಗೂ ಹೊಂದುತ್ತದೆ: ರಾಗಿ ಬಹಳ ವರ್ಷ ಕೆಡದೆ ಉಳಿಯುವ ಧಾನ್ಯ. ಕಾಳು ತೀರ ಚಿಕ್ಕದು, ಸಿಪ್ಪೆಯಲ್ಲಿ ಟ್ಯಾನಿನ್‌ನಂಥ ಫಿನಾಲಿಕ್ ಸಂಯುಕ್ತಗಳಿವೆ. ಆದ್ದರಿಂದ ನುಸಿ, ಹುಳುಗಳ ಕಾಟ ಕಡಿಮೆ. ನಮ್ಮ ಹಿರಿಯರು ಹಗೇವಿನಲ್ಲಿ ಧಾನ್ಯ ತುಂಬಿಡುತ್ತಿದ್ದುದು ಬರದ ವರ್ಷಗಳನ್ನು ದಾಟುವುದಕ್ಕೆ.

ಆದರೆ ವಿಜ್ಞಾನದ ತರಗತಿಯಲ್ಲಿ ಮಕ್ಕಳು ಸುಮ್ಮನೆ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಸೆರೆಯಲ್ಲಿಟ್ಟದ್ದು ಹೊಟ್ಟು ಸಹಿತ ಭತ್ತವೋ, ಕುಟ್ಟಿದ ಅಕ್ಕಿಯೋ? ಹೊಟ್ಟು ಭತ್ತಕ್ಕೆ ಕವಚ. ಭತ್ತವಾಗಿಯೇ ಒಣಗಿಸಿ ಇಟ್ಟರೆ ಅದೂ ಚೆನ್ನಾಗಿ ಉಳಿಯುತ್ತದೆ, ಪಾಲಿಷ್ ಮಾಡಿದ ಅಕ್ಕಿಗೆ ಬೇಗ ನುಸಿ ಹಿಡಿಯುತ್ತದೆ. ಸೆರೆಮನೆಯಲ್ಲಿ ತೇವ ಎಷ್ಟಿತ್ತು? ಒಂದೇ ಸಲ ಮಾಡಿದ ಪ್ರಯೋಗದಿಂದ ತೀರ್ಮಾನಿಸಬಹುದೇ? ಇವೆಲ್ಲ ನನ್ನ ತರಗತಿಯಲ್ಲಿ ಮಕ್ಕಳೇ ಎತ್ತಿದ ಪ್ರಶ್ನೆಗಳು. ಕಂಪ್ಲಿ ಕಡೆಯಿಂದ ಬರುವ ಒಬ್ಬ ಹುಡುಗ ಇನ್ನೂ ಮುಂದೆ ಹೋದ: “ಆರು ತಿಂಗಳು ನೀರಿನಾಗ ನಿಲ್ಲಿಸಿದ್ರ ಯಾರು ಗೆಲ್ತಿದ್ರು ಸಾರ್?”

ಈ ಪ್ರಶ್ನೆಯೇ ಪಾಠದ ತಿರುಳು. ನಿಂತ ನೀರಿನಲ್ಲಿ ಬೆಳೆಯುವ ಪರೀಕ್ಷೆಯಿಟ್ಟಿದ್ದರೆ ಭತ್ತ ಗೆಲ್ಲುತ್ತಿತ್ತು, ರಾಗಿ ಕೊಳೆಯುತ್ತಿತ್ತು. ಸುಣ್ಣಾಂಶವನ್ನು ಅಳೆದರೆ ರಾಗಿ ಮತ್ತೆ ಗೆಲ್ಲುತ್ತದೆ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಅಷ್ಟೇ ಪಾಲಿಷ್ ಅಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ. ರೋಗಿಗೆ ಬೇಗ ಜೀರ್ಣವಾಗುವುದನ್ನು ಅಳೆದರೆ ಅಕ್ಕಿ ಗೆಲ್ಲುತ್ತದೆ. ಅಂದರೆ ಯಾವ ಪರೀಕ್ಷೆ ಎಂದು ಆರಿಸಿದಾಗಲೇ ತೀರ್ಪಿನ ಬಹುಭಾಗ ಆಗಿಬಿಟ್ಟಿರುತ್ತದೆ. ಹಾಗಾದರೆ ರಾಮನ ತೀರ್ಪು ಪಕ್ಷಪಾತವೇ? ನನಗೆ ಹಾಗನ್ನಿಸುವುದಿಲ್ಲ. ಕನಕದಾಸರ ಮನಸ್ಸಿನಲ್ಲಿದ್ದ ಪ್ರಶ್ನೆ ಬರಗಾಲ. ಮಳೆ ಇಲ್ಲದ ತಿಂಗಳುಗಳಲ್ಲಿ ಮನೆಯಲ್ಲಿ ಯಾರು ಉಳಿದಿರುತ್ತಾರೆ ಎಂಬುದು. ಆ ಉದ್ದೇಶಕ್ಕೆ ಸಂಗ್ರಹದ ಪರೀಕ್ಷೆಯೇ ಸರಿ. ಪರೀಕ್ಷೆ ಉದ್ದೇಶಕ್ಕೆ ಹೊಂದಿದೆ. ಆದ್ದರಿಂದ ಅದು ನ್ಯಾಯ. ತೀರ್ಪಾದ ಮೇಲೂ ಭತ್ತವನ್ನು ಯಾರೂ ಲೋಕದಿಂದ ಹೊರಗಟ್ಟಲಿಲ್ಲ. ಒಂದು ಪರೀಕ್ಷೆಯಲ್ಲಿ ಸೋತದ್ದು ಎಲ್ಲದರಲ್ಲೂ ಸೋತಂತಲ್ಲ ಎಂಬುದು ಆ ಸಮಾಧಾನದ ಅರ್ಥ.

ಸಂಡೂರಿನ ಮಕ್ಕಳಿಗೆ ಇದನ್ನು ಅವರ ಗುಡ್ಡದ ಉದಾಹರಣೆಯಿಂದ ಹೇಳಬಹುದು. ಒಂದು ಗುಡ್ಡವನ್ನು ಅದಿರಿನಲ್ಲಿ ಶೇಕಡಾ ಎಷ್ಟು ಕಬ್ಬಿಣವಿದೆ ಎಂದು ಅಳೆದರೆ ಅದಕ್ಕೊಂದು ಬೆಲೆ. ಅದೇ ಗುಡ್ಡವನ್ನು ಹಳ್ಳದ ನೀರು, ಕಾಡು, ದನ ಮೇಯುವ ಜಾಗ ಎಂದು ಅಳೆದರೆ ಬೇರೆ ಬೆಲೆ. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂದು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿದಾಗ ಅಲ್ಲಿ ನಡೆದದ್ದು ಒಂದರ್ಥದಲ್ಲಿ ಇದೇ: ಬಹುಕಾಲ ಒಂದೇ ತಕ್ಕಡಿಯಲ್ಲಿ ತೂಗಿದ್ದನ್ನು ಇನ್ನೊಂದರಲ್ಲಿಟ್ಟು ನೋಡಿದ್ದು.

ಮನುಷ್ಯ ಸ್ವಭಾವ: ಜಂಭ ಸ್ಥಾನ ಬದಲಿಸುತ್ತದೆ

ಕಾವ್ಯ ಬರೆದ ಕಾಲದಲ್ಲಿ ಅಕ್ಕಿ ಉಳ್ಳವರದು, ರಾಗಿ ಇಲ್ಲದವರದು. ಇಂದು ನೋಡಿ. 2013ರಲ್ಲಿ ಅನ್ನಭಾಗ್ಯ ಯೋಜನೆ ಬಂದ ಮೇಲೆ ಬಡವರ ಮನೆಯ ಡಬ್ಬಿಯಲ್ಲಿ ಅಕ್ಕಿ ತುಂಬಿತು. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ನಗರದ ಅಂಗಡಿಗಳಲ್ಲಿ ರಾಗಿ ಬಿಸ್ಕತ್ತು, ಸಿರಿಧಾನ್ಯದ ಪೊಟ್ಟಣಗಳು ಉಳ್ಳವರ ಆಹಾರವಾದವು. ಇಂದು ಆ ಜಗಳ ನಡೆದರೆ, ದೊಡ್ಡವರ ತಟ್ಟೆಯಲ್ಲಿದ್ದೇನೆ ಎಂದು ಬೀಗುವ ಸರದಿ ರಾಗಿಯದಾಗಬಹುದು. ಜಂಭ ಭತ್ತದ ಗುಣವಾಗಿರಲಿಲ್ಲ, ಸ್ಥಾನದ ಗುಣವಾಗಿತ್ತು. ಇನ್ನೊಂದು ಮಾತು: ರಾಗಿ ನಮ್ಮದೇ ನೆಲದ್ದು ಎಂದು ಹೆಮ್ಮೆಪಡುವವರಿಗೆ ಸಸ್ಯಶಾಸ್ತ್ರ ಹೇಳುವುದು, ಅದರ ಮೂಲ ಪೂರ್ವ ಆಫ್ರಿಕಾದ ಎತ್ತರದ ನಾಡು, ಸಾವಿರಾರು ವರ್ಷಗಳ ಹಿಂದೆ ಅದು ಇಲ್ಲಿಗೆ ಬಂದು ನಮ್ಮದಾಯಿತು.

ಸ್ಥಾನ ಶಾಶ್ವತವಲ್ಲ ಎಂಬುದನ್ನು ಈ ಸೀಮೆಯ ಭತ್ತದ ರೈತರೂ ಬಲ್ಲರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ, ಆ ಜಾಗಕ್ಕೆ ತಾತ್ಕಾಲಿಕ ಗೇಟು ಇಳಿಸುವವರೆಗೆ, ಕಾಲುವೆಯ ಕೆಳಗಿನ ಊರುಗಳಲ್ಲಿ ಬೆಳೆಯ ಚಿಂತೆ ಆವರಿಸಿತ್ತು. ವಿಜಯನಗರವೇ 1565ರಲ್ಲಿ ಬಿತ್ತು. ಅದರ ಕಾಲುವೆಗಳು ಉಳಿದವು.

ನಮ್ಮ ತರಗತಿಗೆ ಇದರಿಂದ ಏನು?

ಈ ಪಾಠದ ಘಟಕ ಪರೀಕ್ಷೆಯಲ್ಲಿ ಮುಂಗಾರು ಬೆಳೆಯ ವ್ಯಾಖ್ಯೆ, ಬೀಜ ಆಯ್ಕೆಯ ಹಂತ, ಸಂಗ್ರಹಣೆಯ ವಿಧಾನ ಎಂಬಂಥ ಪ್ರಶ್ನೆಗಳಿರುತ್ತವೆ. ಬರವಣಿಗೆ ಚೆನ್ನಾಗಿರುವ ಮಗು ಇದರಲ್ಲಿ ಮುಂದೆ ಬರುತ್ತದೆ. ನಾನು ಬೋಧಿಸಿದ ತರಗತಿಯಲ್ಲಿ ಮೂರು ಸಾಲು ಬರೆಯಲು ಹೆಣಗುವ ಒಬ್ಬ ಹುಡುಗಿ ಇದ್ದಳು. ಬೀಜವನ್ನು ನೀರಿಗೆ ಹಾಕಿ ಜೊಳ್ಳು ಬೇರ್ಪಡಿಸುವ ಚಟುವಟಿಕೆ ಮಾಡಿಸಿದಾಗ, ಉಪ್ಪು ಬೆರೆಸಿದರೆ ಜೊಳ್ಳು ಇನ್ನೂ ಚೆನ್ನಾಗಿ ತೇಲುತ್ತದೆ ಎಂದು ತೋರಿಸಿಕೊಟ್ಟವಳು ಅವಳೇ. ಸಾಂದ್ರತೆಯ ತತ್ವ ಅವಳಿಗೆ ಮನೆಯ ಸಸಿಮಡಿಯಿಂದ ಗೊತ್ತು. ಆ ಪದ ಮಾತ್ರ ಗೊತ್ತಿಲ್ಲ. ಬರೆಹದ ಪರೀಕ್ಷೆ ಅವಳ ಬರೆಹವನ್ನು ಸರಿಯಾಗಿಯೇ ಅಳೆಯಿತು. ಬೆಳೆಯ ಬಗೆಗಿನ ಅವಳ ತಿಳಿವನ್ನು ಅಳೆಯಲು ಕೈಗೆ ಬೀಜ ಕೊಡುವ ಪರೀಕ್ಷೆ ಬೇಕಾಗಿತ್ತು. ರೂಪಣಾತ್ಮಕ ಮೌಲ್ಯಮಾಪನದಲ್ಲಿ ಚಟುವಟಿಕೆಗೆ ಅಂಕ ಇಟ್ಟಿರುವುದು ಇದಕ್ಕಾಗಿಯೇ; ಅದನ್ನು ದಾಖಲೆ ತುಂಬುವ ಕೆಲಸವಾಗಿ ಇಳಿಸಿದರೆ ಹೊರೆಯ ಜೊತೆಗೆ ಅನ್ಯಾಯವೂ ಆಗುತ್ತದೆ.

ಕಾವ್ಯದಿಂದ ನಾನು ತೆಗೆದುಕೊಂಡ ನಾಲ್ಕು ಅಂಶಗಳನ್ನು ಸಹಪ್ರಶಿಕ್ಷಣಾರ್ಥಿಗಳ ಮುಂದಿಡುತ್ತೇನೆ.

1. ಎರಡೂ ಕಡೆ ಕೇಳಿ. ಶಿಸ್ತಿನ ದೂರು ಬಂದಾಗ ಮೊದಲು ಮಾತಾಡಿದ ಮಗುವೇ ಸಾಕ್ಷಿಯಲ್ಲ. ಕಂಪಿಲ ಮಾಡಿದ್ದು ಅದನ್ನೇ.

2. ಅಳೆಯುವ ಮೊದಲು ಯಾವುದಕ್ಕಾಗಿ ಅಳೆಯುತ್ತೇವೆ ಎಂದು ಹೇಳಿ. ಉದ್ದೇಶ, ನಿಯಮ, ಅವಧಿ ಮಕ್ಕಳಿಗೆ ಮುಂಚೆಯೇ ತಿಳಿದಿರಲಿ.

3. ತೀರ್ಪನ್ನು ಅಳೆದ ಗುಣಕ್ಕೆ ಮಾತ್ರ ಸೀಮಿತಗೊಳಿಸಿ. ‘ಈ ಘಟಕದಲ್ಲಿ ಅಭ್ಯಾಸ ಬೇಕು’ ಎನ್ನುವುದಕ್ಕೂ ‘ಈ ಮಗು ದಡ್ಡ’ ಎನ್ನುವುದಕ್ಕೂ ವಿಠ್ಠಲ ದೇವಾಲಯದ ತುಲಾಭಾರದಷ್ಟೇ ಅಂತರ: ಅಲ್ಲಿ ತೂಗಿದ್ದು ಮೈಯನ್ನು ಮಾತ್ರ.

4. ಸಮಯ ಕೊಡಿ. ಬೋಧನಾಭ್ಯಾಸದ ಕೆಲವೇ ವಾರಗಳಲ್ಲಿ ಒಂದು ಮಗುವನ್ನು ‘ಎ’, ‘ಬಿ’, ‘ಸಿ’ ಗುಂಪಿಗೆ ಹಾಕುವ ಅವಸರ ನಮಗೆ ಬೇಡ.

ನಾಲ್ಕನೆಯದು ನಮಗೂ ಅನ್ವಯಿಸುತ್ತದೆ. ಪಾಠ ವೀಕ್ಷಣಾ ಹಾಳೆಯಲ್ಲಿ ನಮ್ಮನ್ನೂ ಅಳೆಯುತ್ತಾರೆ: ಪೀಠಿಕೆ, ಕಪ್ಪುಹಲಗೆ ಬಳಕೆ, ಪ್ರಶ್ನಿಸುವ ಕೌಶಲ. ಇವು ಬೇಕು. ಆದರೆ ನಲವತ್ತು ನಿಮಿಷದ ಒಂದು ಪಾಠ ಒಬ್ಬ ಶಿಕ್ಷಕನ ಬಗ್ಗೆ ಹೇಳುವುದು ಎಷ್ಟು, ಹೇಳದೆ ಬಿಡುವುದು ಎಷ್ಟು ಎಂಬುದನ್ನು ಅಂಕ ಕೊಡುವವರೂ ಪಡೆಯುವವರೂ ನೆನಪಿಟ್ಟುಕೊಂಡರೆ ಒಳ್ಳೆಯದು.

ಪಾಠದ ಮುಂದುವರಿಕೆಯಾಗಿ ತರಗತಿಯ ಕಿಟಕಿಯ ಬಳಿ ನಾಲ್ಕು ಗಾಜಿನ ಬಾಟಲಿಗಳನ್ನು ಇಟ್ಟಿದ್ದೇವೆ: ಹೊಟ್ಟು ಸಹಿತ ಭತ್ತ, ಪಾಲಿಷ್ ಅಕ್ಕಿ, ಜೋಳ, ರಾಗಿ. ಪ್ರತಿಯೊಂದೂ 200 ಗ್ರಾಂ, ಒಂದೇ ಬಗೆಯ ಬಟ್ಟೆಯ ಮುಚ್ಚಳ, ಬಾಟಲಿಯ ಮೇಲೆ ದಿನಾಂಕ. ಯಾವುದು ಏನಾಗುತ್ತದೆ ಎಂದು ಪ್ರತಿ ಮಗುವೂ ಊಹೆಯನ್ನೂ ಕಾರಣವನ್ನೂ ಬರೆದು ಮಡಚಿ ಒಂದು ಡಬ್ಬಿಗೆ ಹಾಕಿದೆ. ತಿಂಗಳಿಗೊಮ್ಮೆ ನೋಡಿ ಬರೆದಿಡುವುದು ಮಕ್ಕಳ ಕೆಲಸ. ನಮ್ಮ ಬೋಧನಾಭ್ಯಾಸದ ಅವಧಿ ಮುಗಿದಿದೆ, ಬಾಟಲಿಗಳ ಅವಧಿ ಮುಗಿದಿಲ್ಲ. ಆದ್ದರಿಂದ ಫಲಿತಾಂಶ ಈ ಲೇಖನದಲ್ಲಿಲ್ಲ. ಆರು ತಿಂಗಳಾದ ಮೇಲೆ ಡಬ್ಬಿಯನ್ನು ತೆರೆಯುವವರು ಆ ತರಗತಿಯ ಶಿಕ್ಷಕರು ಮತ್ತು ಮಕ್ಕಳು.